ಕಚೇರಿ ವೇಳೆಯಲ್ಲಿ ಬಲಗೈ ನೇವರಿಸಿಕೊಳ್ಳುವ ಕುರಿತು

ಸಂಖ್ಯೆ: ಟಪಾಲು/ಬಲಗೈ/ಬಾವು/3
ನೆಲಮಹಡಿ, ಕೌಂಟರ್ ನಾಲ್ಕರ ಹಿಂಭಾಗ

ಸುತ್ತೋಲೆ

ವಿಷಯ: ಟಪಾಲು ಶಾಖೆಯ ಮೊಹರು ಗುಮಾಸ್ತೆಯವರು ಬಾತುಕೊಂಡ ತಮ್ಮ ಬಲಗೈಯನ್ನು ಕೆಲಸದ ವೇಳೆಯಲ್ಲಿ ಮೆಲ್ಲಗೆ ನೇವರಿಸಿಕೊಳ್ಳುತ್ತಿರುವುದನ್ನು ತಡೆಗಟ್ಟುವ ಬಗ್ಗೆ.

ಉಲ್ಲೇಖ:
1. ಕೌಂಟರ್ ನಾಲ್ಕರ ಸರದಿಯಲ್ಲಿ ನಿಂತಿದ್ದ ಹಿರಿಯರೊಬ್ಬರ ದೂರು.
2. ಫಿಸಿಯೋ ಮೇಡಂ ಅವರ ಚೀಟಿ (ಅಕ್ಷರಗಳು ಓದಲು ಬಂದವು, ಆಶ್ಚರ್ಯವನ್ನು ದಾಖಲಿಸಲಾಗಿದೆ).
3. ಕಚೇರಿ ಮುಖ್ಯಸ್ಥರು ಮೆಟ್ಟಿಲಿಳಿಯುತ್ತ ಕೊಟ್ಟ ಮೌಖಿಕ ಆದೇಶ.

ಪ್ರಸ್ತಾವನೆ:

ಈ ಕಚೇರಿಗೆ ಬರುವ ಪ್ರತಿಯೊಂದು ಅರ್ಜಿಯ ಮೇಲೂ 'ಸ್ವೀಕರಿಸಲಾಗಿದೆ' ಎಂಬ ಮೊಹರು ಬೀಳತಕ್ಕದ್ದು. ಹತ್ತೊಂಬತ್ತು ವರ್ಷಗಳಿಂದ ಅದನ್ನು ಒತ್ತುತ್ತಿರುವವರು ಟಪಾಲು ಶಾಖೆಯ ಗುಮಾಸ್ತೆ (ಇನ್ನು ಮುಂದೆ 'ಸದರಿಯವರು', ಎಲ್ಲರೂ ಕರೆಯುವುದು ಮೊಹರಕ್ಕ ಎಂದು). ಎರಡು ವರ್ಷದ ಹಿಂದೆ ಸದರಿಯವರ ಬಲ ಎದೆಯಲ್ಲಿ ಗಂಟು ಕಾಣಿಸಿಕೊಂಡು, ಶಸ್ತ್ರಚಿಕಿತ್ಸೆಯಾಗಿ, ಅದರ ಜೊತೆಗೆ ಕಂಕುಳಿನ ದುಗ್ಧರಸ ಗ್ರಂಥಿಗಳನ್ನೂ ತೆಗೆಯಲಾಯಿತು. ಗಂಟು ಹೋಯಿತು, ಜೀವ ಉಳಿಯಿತು, ರಜೆ ಮುಗಿಯಿತು. ಆದರೆ ಕೈಯಲ್ಲಿನ ದುಗ್ಧರಸ ಹರಿದುಹೋಗುವ ದಾರಿಯೇ ಮುಚ್ಚಿದ್ದರಿಂದ ಅದು ಅಲ್ಲೇ ಠಿಕಾಣಿ ಹೂಡಿತು. ಬಲಗೈ ತೋಳಿನಿಂದ ಬೆರಳಿನವರೆಗೂ ಬಾತುಕೊಂಡಿತು. ಬಲಗೈಯ ಉಂಗುರವನ್ನು ಎಡಗೈಗೆ ವರ್ಗಾಯಿಸಲಾಯಿತು. ಈ ಕಚೇರಿಯಲ್ಲಿ ಯಾರ ಶಿಫಾರಸೂ ಇಲ್ಲದೆ ಆದ ಒಂದೇ ಒಂದು ವರ್ಗಾವಣೆ ಅದು.

ಇದು ಪೂರ್ತಿ ಬಿಟ್ಟುಹೋಗುವ ಬಾವಲ್ಲ, ಹದ್ದುಬಸ್ತಿನಲ್ಲಿಡುವ ಬಾವು ಎಂದು ಫಿಸಿಯೋ ಮೇಡಂ ತಿಳಿಸಿರುತ್ತಾರೆ. ದಿನಕ್ಕೆರಡು ಸಲ ಮೆಲ್ಲಗೆ ನೇವರಿಸಿ ರಸವನ್ನು ಬೇರೆ ದಾರಿಗೆ ತಿರುಗಿಸುವುದು, ಆಮೇಲೆ ಬಿಗಿಯಾದ ತೋಳುಗವಸು ತೊಡುವುದು, ಇಷ್ಟೇ ಉಪಾಯ. ಮೊದಲ ಸಲದ್ದು ಮನೆಯಲ್ಲಿ ಆಗುತ್ತದೆ. ಎರಡನೆಯದು ಕಚೇರಿಯಲ್ಲಿ ಹನ್ನೊಂದೂವರೆಗೆ ಆಗಬೇಕಾಗುತ್ತದೆ. ಇನ್ನೂರು ಮೊಹರು ಒತ್ತುವಷ್ಟರಲ್ಲಿ ಕೈ ಒದ್ದೆ ಮರಳಿನ ಚೀಲದಷ್ಟು ಭಾರವಾಗಿರುತ್ತದೆ.

ಹೀಗಿರುವಾಗ ಉಲ್ಲೇಖ ಒಂದರ ಹಿರಿಯರು, "ಕೈ ಊದಿದೆ ಅಂತಾರೆ, ನೋಡಿದ್ರೆ ಕತ್ತು ಸವರ್ಕೊಂಡು ಕೂತಿರ್ತಾರೆ. ಯಾರ ಕಿವಿಗೆ ಹೂ ಇಡ್ತಿದಾರೆ ಇವರು?" ಎಂದು ಎಲ್ಲರಿಗೂ ಕೇಳುವಂತೆ ವಿಚಾರಿಸಿದರು. ಅದೇ ಹೊತ್ತಿಗೆ ಮೆಟ್ಟಿಲಿಳಿಯುತ್ತಿದ್ದ ಮುಖ್ಯಸ್ಥರು, "ಇದನ್ನ ನಿಲ್ಲಿಸೋ ಥರ ಒಂದು ಸುತ್ತೋಲೆ ಹೊರಡಿಸಿ. ಆಗಲ್ಲ ಅಂದ್ರೆ ಅವರನ್ನ ರೆಕಾರ್ಡ್ ರೂಮಿಗೆ ಹಾಕಿ" ಎಂದು ಅಪ್ಪಣೆ ಕೊಟ್ಟು ಹೊರಟುಹೋದರು.

ರೆಕಾರ್ಡ್ ರೂಮು ನೆಲಮಾಳಿಗೆಯಲ್ಲಿದೆ. ಅಲ್ಲಿನ ಒಂದೊಂದು ಕಟ್ಟನ್ನೂ ಇಬ್ಬರು ಹಿಡಿದು ಎತ್ತಬೇಕು. ಇರುವುದು ಒಂದೇ ಹುದ್ದೆ. ಎರಡು ವಾರ ಆ ಕಟ್ಟುಗಳನ್ನು ಎತ್ತಿಳಿಸಿದರೆ ಬಲಗೈ ಮತ್ತೆ ಮೊಹರು ಹಿಡಿಯುವುದು ಕನಸಿನ ಮಾತು. ಸದರಿಯವರಿಗೆ ಭಯವಾಯಿತು. ಸುತ್ತೋಲೆಗಳಲ್ಲಿ 'ಭಯ' ಎಂಬ ಪದವನ್ನು ಬಳಸುವ ರೂಢಿ ಇಲ್ಲ, ಇಲ್ಲಿ ಬಳಸಲಾಗಿದೆ.

ಈ ಕಚೇರಿಯಲ್ಲಿ ಸುತ್ತೋಲೆಯ ಕರಡು ಬರೆಯಲು ಸದರಿಯವರೊಬ್ಬರಿಗೇ ಬರುವುದು ಎಂಬುದು ಸರ್ವವಿದಿತ. ಆದ ಕಾರಣ ಹೆಡ್ ಗುಮಾಸ್ತರು ಸದರಿಯವರ ಮೇಜಿನ ಬಳಿ ಬಂದು, ನೆಲ ನೋಡುತ್ತ, "ಅಕ್ಕಾ, ಬೇಜಾರ್ ಮಾಡ್ಕೋಬೇಡಿ. ನಿಮ್ಮ ಮೇಲೆ ಒಂದು ಸುತ್ತೋಲೆ ಹೊರಡಿಸಬೇಕಿತ್ತು. ನೀವೇ ಒಂಚೂರು ಬರ್ಕೊಟ್ರೆ..." ಎಂದು ಕೋರಿದರು. ಸದರಿಯವರು ಒಪ್ಪಿ, ಸದರಿಯವರ ವಿರುದ್ಧದ ಈ ಸುತ್ತೋಲೆಯನ್ನು ಎಡಗೈಯಲ್ಲಿ ಟೈಪ್ ಮಾಡಿರುತ್ತಾರೆ.

ಮುಖ್ಯಸ್ಥರು ತಮ್ಮ ಮುಂದೆ ಬಂದ ಯಾವ ಕಾಗದವನ್ನೂ ಓದಿ ಸಹಿ ಮಾಡಿದ ನಿದರ್ಶನವಿಲ್ಲ. ಒಮ್ಮೆ ತಮ್ಮದೇ ರಜೆಯನ್ನು ತಿರಸ್ಕರಿಸುವ ಆದೇಶಕ್ಕೆ ಸಹಿ ಹಾಕಿ, ಮರುದಿನ ಗೊಣಗುತ್ತಾ ಕೆಲಸಕ್ಕೆ ಹಾಜರಾಗಿದ್ದರು. ಈ ವಾಕ್ಯವನ್ನೂ ಅವರು ಓದುವ ಸಂಭವ ಇಲ್ಲವಾದ್ದರಿಂದ ಇಲ್ಲಿ ನಮೂದಿಸಲಾಗಿದೆ.

ಮೇಲ್ಕಂಡ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಸಂಬಂಧಪಟ್ಟವರೂ ಸಂಬಂಧಪಡದೆ ಮೂಗು ತೂರಿಸುವವರೂ ತಪ್ಪದೆ ಪಾಲಿಸುವಂತೆ ಕೆಳಕಂಡ ನಿಯಮಗಳನ್ನು ವಿಧಿಸಲಾಗಿದೆ:

1. ಕಚೇರಿ ವೇಳೆಯಲ್ಲಿ ಕೈ ನೇವರಿಸಿಕೊಳ್ಳುವುದನ್ನು ಈ ಕ್ಷಣದಿಂದ ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ. ಪರಂತು, ಪ್ರತಿದಿನ ಹನ್ನೊಂದೂವರೆಯಿಂದ ಇಪ್ಪತ್ತು ನಿಮಿಷಗಳ ಅವಧಿಗೆ ಈ ನಿಷೇಧ ಅನ್ವಯಿಸತಕ್ಕದ್ದಲ್ಲ. ಮತ್ತೂ ಪರಂತು, ಬೇರೆ ಹೊತ್ತಿನಲ್ಲಿ ಸದರಿಯವರಿಗೆ ನೇವರಿಸಿಕೊಳ್ಳುವ ಅಗತ್ಯವೇ ಇಲ್ಲದಿರುವುದರಿಂದ ನಿಷೇಧವು ಪೂರ್ಣವಾಗಿ ಯಶಸ್ವಿಯಾಗಿದೆ ಎಂದು ಈಗಲೇ ಘೋಷಿಸಲಾಗಿದೆ.

2. ನೇವರಿಕೆಗೆ ಮುನ್ನ ಸದರಿಯವರು ಹೊಟ್ಟೆ ಉಬ್ಬುವಂತೆ ಐದು ಸಲ ದೀರ್ಘವಾಗಿ ಉಸಿರೆಳೆದು ಬಿಡತಕ್ಕದ್ದು. ಇದು ಚಿಕಿತ್ಸೆಯ ಭಾಗ. ಸರದಿಯಲ್ಲಿರುವ ಸಾರ್ವಜನಿಕರು ಇದನ್ನು ತಮ್ಮನ್ನು ಕಂಡು ಬಿಟ್ಟ ನಿಟ್ಟುಸಿರೆಂದು ಭಾವಿಸತಕ್ಕದ್ದಲ್ಲ. ಅವರನ್ನು ಕಂಡು ಬಿಡುವ ನಿಟ್ಟುಸಿರು ಬೇರೆಯೇ ಇದ್ದು, ಅದು ಮೂಗಿನಿಂದ ಬರುತ್ತದೆ.

3. ಕೈ ಊದಿದ್ದರೆ ಕತ್ತೇಕೆ ಎಂಬ ಪ್ರಶ್ನೆಗೆ ಸಂಬಂಧಿಸಿದಂತೆ: ಕತ್ತಿನ ಬುಡದಲ್ಲಿ, ಕೊರಳೆಲುಬಿನ ಮೇಲೆ, ರಸವೆಲ್ಲ ಕೊನೆಗೆ ಹೋಗಿ ಸೇರುವ ಬಾಗಿಲಿದೆ. ಮೊದಲು ಅಲ್ಲಿ ಜಾಗ ಮಾಡಬೇಕು. ಆಮೇಲೆ ಚೆನ್ನಾಗಿರುವ ಎಡ ಕಂಕುಳು, ಆಮೇಲೆ ಎದೆ, ಆಮೇಲೆ ಬಲ ಭುಜ, ತೋಳು, ಮುಂಗೈ. ಬೆರಳುಗಳ ಸರದಿ ಕಟ್ಟಕಡೆಗೆ. ಮೇಲೆ ದಾರಿ ಬಿಡಿಸದೆ ಕೆಳಗಿನಿಂದ ತಳ್ಳಿದರೆ ರಸ ಎಲ್ಲಿಗೆ ತಾನೆ ಹೋದೀತು?

3(ಅ). ಈ ತತ್ವವನ್ನು ಕಡತಗಳಿಗೂ ವಿಸ್ತರಿಸಲಾಗಿದೆ. ಕಡತ ಯಾಕೆ ಕದಲಿಲ್ಲ ಎಂದು ಇದುವರೆಗೆ ಕೆಳಗಿನ ಗುಮಾಸ್ತರನ್ನು ತಳ್ಳಲಾಗುತ್ತಿತ್ತು. ಇನ್ನು ಮುಂದೆ ಪ್ರತಿದಿನ ಮೊದಲು ಮುಖ್ಯಸ್ಥರ ಮೇಜನ್ನು, ಅನಂತರ ಹೆಡ್ ಗುಮಾಸ್ತರ ಮೇಜನ್ನು ಖಾಲಿ ಮಾಡತಕ್ಕದ್ದು. ಅಲ್ಲಿಯವರೆಗೆ ಕೆಳಗಿನವರನ್ನು ಯಾರೂ ಒತ್ತತಕ್ಕದ್ದಲ್ಲ.

4. ಒತ್ತಡದ ಪ್ರಮಾಣ: ಲಕೋಟೆಯ ಮೇಲೆ ಆಗಷ್ಟೇ ಅಂಟಿಸಿದ ಒದ್ದೆ ಅಂಚೆಚೀಟಿಯನ್ನು ಹರಿಯದಂತೆ ಒಂದಿಷ್ಟು ಪಕ್ಕಕ್ಕೆ ಜರುಗಿಸುವಷ್ಟು ಮಾತ್ರ. ಚರ್ಮ ಜರುಗಿದರೆ ಸಾಕು, ಮಾಂಸ ಅದುಮಬಾರದು, ಕೆಂಪಾಗಬಾರದು, ನೋಯಬಾರದು. ನೋವಾದರೇನೇ ಗುಣವಾಗುವುದು ಎಂಬ ನಂಬಿಕೆಯನ್ನು ಈ ಮೂಲಕ ರದ್ದುಪಡಿಸಲಾಗಿದೆ.

5. ಸ್ವಯಂಸೇವಕರ ಬಗ್ಗೆ: ಕಚೇರಿ ಜೀಪಿನ ಚಾಲಕರು ಇದುವರೆಗೆ ಮೂರು ಬಾರಿ, "ಬಿಡಿ ಅಕ್ಕಾ, ನಾನೊಂದ್ಸಲ ಬಿಸಿ ಎಣ್ಣೆ ಹಾಕಿ ತಿಕ್ಕಿದ್ರೆ ಎಲ್ಲಾ ಇಳಿದ್ಹೋಗುತ್ತೆ" ಎಂದು ಮುಂದೆ ಬಂದಿರುತ್ತಾರೆ. ಅವರ ಪ್ರೀತಿಯನ್ನು ಸ್ವೀಕರಿಸಲಾಗಿದೆ, ಎಣ್ಣೆಯನ್ನು ತಿರಸ್ಕರಿಸಲಾಗಿದೆ. ಇನ್ನೂ ಉತ್ಸಾಹ ಉಳಿದಿದ್ದಲ್ಲಿ ಅವರು ಮೇಲಿನ ಕಲಂ 4ರ ಅಂಚೆಚೀಟಿ ಪರೀಕ್ಷೆಗೆ ಹಾಜರಾಗತಕ್ಕದ್ದು. ಮೊದಲ ಪ್ರಯತ್ನದಲ್ಲಿ ಅವರು ಚೀಟಿಯನ್ನಷ್ಟೇ ಅಲ್ಲ, ಲಕೋಟೆಯನ್ನೂ ಹರಿದಿರುವುದು ಕಡತದಲ್ಲಿದೆ.

6. ರಸ ತಿರುಗಿಸುವ ದಾರಿಯಲ್ಲಿ ಬೆನ್ನೂ ಸೇರಿದ್ದು, ಅಲ್ಲಿಗೆ ಸದರಿಯವರ ಕೈ ಎಟುಕುವುದಿಲ್ಲ. ಆ ಭಾಗವನ್ನು ಮನೆಯಲ್ಲಿ ಸದರಿಯವರ ಯಜಮಾನರು ನೋಡಿಕೊಳ್ಳುತ್ತಾರೆ. ಮನೆ ಈ ಇಲಾಖೆಯ ವ್ಯಾಪ್ತಿಗೆ ಬಾರದಿದ್ದರೂ ಅವರ ಸೇವೆಯನ್ನು ಶ್ಲಾಘಿಸಲಾಗಿದೆ. ಬಸ್ ಮೆಕ್ಯಾನಿಕ್ ಆಗಿರುವ ಅವರದು ಬೋಲ್ಟು ಬಿಗಿದು ಬಿಗಿದು ಗಟ್ಟಿಯಾದ ಕೈ. ಮೊದಲ ದಿನ ಫಿಸಿಯೋ ಮೇಡಂ, "ಅಣ್ಣಾ, ಅದು ಬೆನ್ನು, ಗೇರ್ ಬಾಕ್ಸ್ ಅಲ್ಲ" ಎಂದಿದ್ದರು. ಮೂರು ವಾರ ತಮ್ಮದೇ ತೊಡೆಯ ಮೇಲೆ ಅಭ್ಯಾಸ ಮಾಡಿ ಕಲಿತರು ಮಹರಾಯರು. ಈಗ ಸದರಿಯವರು ನಡುನಡುವೆ, "ರೀ, ಕೈ ಇಟ್ಟಿದೀರೋ ಇಲ್ವೋ?" ಎಂದು ಕೇಳಬೇಕಾಗುತ್ತದೆ. ಅಂಥ ಹಗುರವಾದ ಕೈ ಈ ಗಂಡಸಿನಲ್ಲಿ ಇಷ್ಟು ವರ್ಷ ಎಲ್ಲಿ ಅಡಗಿತ್ತೆಂದು ತಿಳಿದುಬಂದಿಲ್ಲ, ವಿಚಾರಣೆ ಜಾರಿಯಲ್ಲಿದೆ.

7. ಪ್ರತಿ ಸೋಮವಾರ ಬೀರುಗಳನ್ನು ಅಳೆಯುವ ಕಚೇರಿ ಟೇಪಿನಿಂದ ಕೈಯ ಸುತ್ತಳತೆ ತೆಗೆಯಲಾಗುತ್ತಿದೆ. ಸದರಿ ಟೇಪಿನ ಮೊದಲ ಎರಡು ಸೆಂಟಿಮೀಟರ್ ಕಿತ್ತುಹೋಗಿರುವುದರಿಂದ ಕೈ ಇದ್ದದ್ದಕ್ಕಿಂತ ದಪ್ಪ ಕಾಣಿಸಿ, ಒಂದು ಸೋಮವಾರ ಸದರಿಯವರು ಊಟ ಬಿಟ್ಟು ಅತ್ತಿರುತ್ತಾರೆ. ಆದುದರಿಂದ ಎಲ್ಲ ಅಳತೆಗಳಿಂದ ಎರಡನ್ನು ಕಳೆಯತಕ್ಕದ್ದು. ಈ ತಿದ್ದುಪಡಿಯು ಆ ಸೋಮವಾರದ ಅಳುವಿಗೂ ಪೂರ್ವಾನ್ವಯವಾಗಿ ಜಾರಿಗೆ ಬರುತ್ತದೆ. ಊಟವನ್ನು ಮಾತ್ರ ಮರಳಿಸಲು ಅವಕಾಶವಿರುವುದಿಲ್ಲ.

8. ಬಾತ ಕೈಗೆ ಸಣ್ಣದೊಂದು ಗೀರಾದರೂ ನಂಜಾಗುವ ಅಪಾಯವಿದೆ. ಕಚೇರಿಯ ಬೆಕ್ಕು ಇನ್ನು ಮುಂದೆ ಸದರಿಯವರ ಎಡಮಗ್ಗುಲಲ್ಲಿ ಮಾತ್ರ ಮಲಗತಕ್ಕದ್ದು. ಈ ಕಲಮನ್ನು ಬೆಕ್ಕಿಗೆ ಓದಿ ಹೇಳಲಾಗಿದ್ದು, ಅದು ಎದ್ದುಹೋಗಿರುತ್ತದೆ. ಕೈ ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಅಂದು ನೇವರಿಕೆಯೂ ಇಲ್ಲ, ಮೊಹರೂ ಇಲ್ಲ. ಸದರಿಯವರು ನೇರವಾಗಿ ಡಾಕ್ಟರ ಬಳಿ ಹೋಗತಕ್ಕದ್ದು. ಈ ಒಂದು ವಾಕ್ಯದಲ್ಲಿ ತಮಾಷೆ ಇಲ್ಲ.

9. ಮೊಹರನ್ನು ಎಡಗೈಯಿಂದ ಒತ್ತುವ ಪ್ರಯೋಗ ನಡೆಸಲಾಯಿತು. ಮೊಹರು ಓರೆಯಾಗಿ ಬಿದ್ದು, ಎರಡು ಅರ್ಜಿಗಳು ನಕಲಿ ಎಂಬ ಶಂಕೆಯ ಮೇಲೆ ವಾಪಸಾದವು. ಪ್ರಯೋಗ ಕೈಬಿಡಲಾಗಿದೆ. ನೇವರಿಸುವ ಹೊತ್ತಿನಲ್ಲಿ ಎಡಗೈಗೆ ಬಿಡುವೂ ಇರುವುದಿಲ್ಲ. ಹಾಗಾಗಿ ಆ ಇಪ್ಪತ್ತು ನಿಮಿಷ ಸರದಿ ಸುಮ್ಮನೆ ನಿಂತಿರಬೇಕಾಗುತ್ತದೆ. ಇದಕ್ಕೆ ಸದರಿಯವರ ಬಳಿ ಪರಿಹಾರವಿಲ್ಲ. ದೂರು ಕೊಟ್ಟ ಹಿರಿಯರ ಕಾಲುನೋವೂ ಸುಳ್ಳಲ್ಲ ಎಂಬುದನ್ನು ಒಪ್ಪಿ, ಅವರಿಗೆ ಕೂರಲು ಸದರಿಯವರ ಎರಡನೇ ಕುರ್ಚಿಯನ್ನು ಕೌಂಟರಿನ ಆಚೆಗೆ ಹಾಕಲಾಗಿದೆ.

10. ಸದರಿಯವರನ್ನು ರೆಕಾರ್ಡ್ ರೂಮಿಗೆ ಹಾಕುವ ವಿಷಯ ಸಕ್ರಿಯ ಪರಿಶೀಲನೆಯಲ್ಲಿದೆ. ಪರಿಶೀಲನೆಯ ಕಡತವನ್ನು ಸುರಕ್ಷತೆಯ ದೃಷ್ಟಿಯಿಂದ ರೆಕಾರ್ಡ್ ರೂಮಿನಲ್ಲೇ ಇಡಲಾಗಿದೆ. ಅಲ್ಲಿಗೆ ಹೋದ ಯಾವ ಕಡತವೂ ಇದುವರೆಗೆ ಮರಳಿ ಸಿಕ್ಕಿರುವುದಿಲ್ಲ.

ಈ ನಿಯಮಗಳಲ್ಲಿ ಗೊಂದಲವೇನಾದರೂ ಇದ್ದಲ್ಲಿ ಸದರಿಯವರನ್ನೇ ಕೇಳಿ ಬಗೆಹರಿಸಿಕೊಳ್ಳತಕ್ಕದ್ದು. ಹನ್ನೊಂದೂವರೆಗೆ ಮಾತ್ರ ಕೇಳಬಾರದು.

(ಸಹಿ)
ಕಚೇರಿ ಮುಖ್ಯಸ್ಥರು

ಕರಡು ತಯಾರಿಸಿದವರು: ಸದರಿಯವರು
ಕರಡು ಹೋಲಿಸಿ ನೋಡಿದವರು: ಸದರಿಯವರ ಎಡಗೈ

ಪ್ರತಿಗಳು:
1. ಹೆಡ್ ಗುಮಾಸ್ತರಿಗೆ, ನೆಲ ನೋಡುವುದನ್ನು ಬಿಟ್ಟು ಇದನ್ನು ನೋಡಲು.
2. ಜೀಪ್ ಚಾಲಕರಿಗೆ, ಜೊತೆಗೆ ಅಭ್ಯಾಸಕ್ಕಾಗಿ ಆರು ಅಂಚೆಚೀಟಿಗಳು.
3. ಫಿಸಿಯೋ ಮೇಡಂ ಅವರಿಗೆ, ತಪ್ಪಿದ್ದರೆ ತಿದ್ದಲು.
4. ಸದರಿಯವರ ಯಜಮಾನರಿಗೆ, ಕಲಂ 6ನ್ನು ಮಾತ್ರ ಓದಿ ಜಾಸ್ತಿ ಉಬ್ಬದಿರಲು.
5. ದೂರುದಾರ ಹಿರಿಯರಿಗೆ, ಕುರ್ಚಿಯ ಮೇಲೆ ಇಡಲಾಗಿದೆ.
6. ಹೆಚ್ಚುವರಿ ಪ್ರತಿ.

ಷರಾ (ಮುಖ್ಯಸ್ಥರ ಸ್ವಂತ ಕೈಬರಹದಲ್ಲಿ, ಹಸಿರು ಶಾಯಿ):

ಇದನ್ನು ಪೂರ್ತಿ ಓದಿದ್ದೇನೆ. ಎರಡು ಸಲ ಓದಿದೆ. ನಮ್ಮ ದೊಡ್ಡಕ್ಕನ ಕೈಯೂ ಹೀಗೇ ಬಾತಿತ್ತು. ನಾವು ತಮ್ಮಂದಿರು ಪಾಳಿ ಹಾಕಿಕೊಂಡು ಶಕ್ತಿ ಬಿಟ್ಟು ತಿಕ್ಕುತ್ತಿದ್ದೆವು. ಅವಳು ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದಳು. ಅದು ತಪ್ಪೆಂದು ನಮಗೆ ಯಾರೂ ಹೇಳಿರಲಿಲ್ಲ, ಇವತ್ತು ತಿಳಿಯಿತು.

ಕಲಂ 1ರಲ್ಲಿ 'ಇಪ್ಪತ್ತು ನಿಮಿಷ' ಎಂದಿರುವಲ್ಲಿ 'ಮೂವತ್ತು ನಿಮಿಷ' ಎಂದು ಓದಿಕೊಳ್ಳತಕ್ಕದ್ದು. ಕಲಂ 10 ರದ್ದು. ಆ ಅರ್ಧ ಗಂಟೆ ಕೌಂಟರ್ ನಾಲ್ಕರಲ್ಲಿ ನಾನು ಕೂತು ಮೊಹರು ಒತ್ತುತ್ತೇನೆ. ನೇರವಾಗಿ ಬೀಳುವಂತೆ ಒತ್ತುವುದು ಹೇಗೆಂದು ಮೊಹರಕ್ಕನವರು ನಾಳೆ ಸ್ವಲ್ಪ ಬೇಗ ಬಂದು ನನಗೆ ಹೇಳಿಕೊಡಬೇಕಾಗಿ ವಿನಂತಿ.