ಒಂದು ಮೊಳೆ, ಇಬ್ಬರು ಓಟಗಾರ್ತಿಯರು

"ಈ ವರ್ಷ ಆ ಮೊಳೆ ನಂದೇ! ವಿಜ್ಞಾನನೇ ಕರ್ಕೊಂಡು ಬಂದು ಸಾಕ್ಷಿ ಹೇಳಿಸ್ತೀನಿ!"

ಭಾನುವಾರ ಬೆಳಗ್ಗೆ ಹಲ್ಲುಜ್ಜುತ್ತಲೇ ಸುರುಳಿ ಮೇಷ್ಟ್ರು ಹೀಗೆ ಘೋಷಿಸಿದರು. ಬಾಯಿ ತುಂಬ ನೊರೆಯಿದ್ದದ್ದರಿಂದ ಘೋಷಣೆಯ ಅರ್ಧ ಭಾಗ ಎದುರಿನ ಕನ್ನಡಿಗೆ ಅಂಟಿಕೊಂಡಿತು.

"ಮೊದಲು ಕನ್ನಡಿ ಒರೆಸಿ ಬನ್ನಿ," ಎಂದಳು ಹೆಂಡತಿ ಒಳಗಿನಿಂದ.

ಮೇಷ್ಟ್ರು ಅಂದರೆ ಪಾಠ ಹೇಳುವ ಮೇಷ್ಟ್ರಲ್ಲ. ಸುಟ್ಟುಹೋದ ಮೋಟಾರು, ಫ್ಯಾನುಗಳ ಹೊಟ್ಟೆ ಬಗೆದು, ಕರಿಕಾದ ತಂತಿ ಕಿತ್ತೆಸೆದು, ಹೊಸ ತಾಮ್ರದ ಸುರುಳಿ ಸುತ್ತಿ ಮರುಜನ್ಮ ಕೊಡುವವರು. ಯಮನ ಮನೆಯ ಹೊಸ್ತಿಲು ದಾಟಿದ ಫ್ಯಾನನ್ನೂ ರೆಕ್ಕೆ ಹಿಡಿದು ವಾಪಸ್ ಎಳೆದು ತರುತ್ತೇನೆಂದು ಅವರೇ ಹೇಳಿಕೊಂಡಿದ್ದಾರೆ. ಅಂಥ ಪರಾಕ್ರಮಿ ತಮ್ಮದೇ ಮನೆಯ ಒಂದು ಮೊಳೆಯ ಮುಂದೆ ನಾಲ್ಕು ವರ್ಷದಿಂದ ಸೋಲುತ್ತಿದ್ದರು.

ಆ ಮೊಳೆ ಇರುವುದು ಊಟದ ಮನೆಯಲ್ಲಿ, ಸರಿಯಾಗಿ ಮೇಷ್ಟ್ರ ಕುರ್ಚಿಯ ಎದುರಿನ ಗೋಡೆಯಲ್ಲಿ. ಆ ಗೋಡೆಯೋ ಸಾಮಾನ್ಯದ್ದಲ್ಲ. ಹನ್ನೊಂದು ಮೊಳೆಗಳ ಸೊಂಟ ಮುರಿದು, ಹನ್ನೆರಡನೆಯದಕ್ಕೆ ಮಾತ್ರ ಪಾಪ ಎಂದು ಜಾಗ ಕೊಟ್ಟದ್ದು. ಇನ್ನೊಂದು ಮೊಳೆ ಹೊಡೆಯುವ ಮಾತೇ ಇಲ್ಲ. ಪ್ರತಿವರ್ಷ ಓಟದ ಸೀಸನ್ ಮುಗಿದ ಮೊದಲ ಭಾನುವಾರ ಆ ಮನೆಯಲ್ಲಿ ಒಂದು ನ್ಯಾಯಾಲಯ ಕೂರುತ್ತದೆ. ಮೇಷ್ಟ್ರು ಮತ್ತು ಅವರ ಭಾಮೈದ ಒಬ್ಬೊಬ್ಬ ಓಟಗಾರ್ತಿಯ ಪರ ವಾದಿಸುತ್ತಾರೆ. ಗೆದ್ದವಳ ಫೋಟೊ ಚೌಕಟ್ಟಿನಲ್ಲಿ ಆ ಮೊಳೆಯೇರಿ ಒಂದು ವರ್ಷ ರಾಜ್ಯವಾಳುತ್ತದೆ. ನಾಲ್ಕು ವರ್ಷದಿಂದ ಭಾಮೈದನ ಆಯ್ಕೆಯೇ ಗೆದ್ದಿತ್ತು. ವಿರೋಧ ಪಕ್ಷದ ಮುಖ ನೋಡಿಕೊಂಡು ದಿನಕ್ಕೆ ಮೂರು ಹೊತ್ತು ಉಂಡು ಮೇಷ್ಟ್ರಿಗೆ ನಾಲ್ಕು ಕೆ.ಜಿ. ಇಳಿದಿತ್ತು. ತೂಕದ ಯಂತ್ರ ಇದನ್ನು ಒಪ್ಪುತ್ತಿರಲಿಲ್ಲ, ಆ ಮಾತು ಬೇರೆ.

ನ್ಯಾಯಾಧೀಶರು ಮೇಷ್ಟ್ರ ಅತ್ತೆ. ನಿವೃತ್ತ ಹೆಡ್ ನರ್ಸು. ಮೂವತ್ತಾರು ವರ್ಷ ಸೆಕೆಂಡಿನ ಮುಳ್ಳು ನೋಡಿಕೊಂಡು ಜನರ ನಾಡಿ ಎಣಿಸಿದವರು. ಎಪ್ಪತ್ತಮೂರು ಬಡಿತವನ್ನು "ಸುಮಾರು ಎಪ್ಪತ್ತೈದು" ಎಂದು ಬರೆದ ಡಾಕ್ಟರನ್ನೇ ಅವರು ವಾರ್ಡಿನಿಂದ ಹೊರಗೆ ನಿಲ್ಲಿಸಿದ್ದರಂತೆ. ಹೆಂಡತಿಗೆ ಮತದ ಹಕ್ಕಿತ್ತು, ಆದರೆ ಅವಳೇ ಅದನ್ನು ಬಿಟ್ಟುಕೊಟ್ಟಿದ್ದಳು. "ನಂಗೆ ಇಬ್ರೂ ಒಂದೇ. ಇಬ್ರಲ್ಲಿ ಯಾರೂ ಬಂದು ನಮ್ಮನೆ ಪಾತ್ರೆ ತೊಳ್ಯಲ್ಲ."

ಹತ್ತು ಗಂಟೆಗೆ ಭಾಮೈದ ಬಂದ. ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವನು. ಕೂತ ಕಡೆಯೆಲ್ಲ ಬಲಗಾಲು ತಾನಾಗಿ ಇಲ್ಲದ ಬ್ರೇಕು ಹುಡುಕುವುದು ಅವನ ವೃತ್ತಿರೋಗ. ಕಂಕುಳಲ್ಲಿ ಹೊಸ ಚೌಕಟ್ಟು ಹಿಡಿದೇ ಬಂದಿದ್ದ.

"ಫೋಟೊ ಹಾಕಿಸ್ಕೊಂಡೇ ಬಂದೆ ಭಾವ. ಸುಮ್ನೆ ಇಬ್ರ ಟೈಮೂ ಯಾಕೆ ಹಾಳು?"

ಚೌಕಟ್ಟಿನಲ್ಲಿದ್ದವಳು 'ಗೋಲಿ'. ಗಿಡ್ಡಗೆ, ಗಟ್ಟಿಯಾಗಿ, ಗುಂಡಗೆ ಉರುಳಿದ ಹಾಗೆ ಓಡುವವಳೆಂದು ಮನೆಯವರಿಟ್ಟ ಹೆಸರು. ಮೇಷ್ಟ್ರ ಕಡೆಯವಳು 'ಕೊಕ್ಕರೆ'. ಅವಳ ಕಾಲು ಶುರುವಾಗುವುದೇ ಉಳಿದವರ ಕುತ್ತಿಗೆ ಮುಗಿಯುವಲ್ಲಿ ಎಂದು ಮೇಷ್ಟ್ರ ಲೆಕ್ಕ.

"ಹನ್ನೆರಡು ಓಟ ಓಡಿ ಹನ್ನೊಂದು ಗೆದ್ದಿದಾಳೆ ನಮ್ಮ ಗೋಲಿ," ಎಂದು ಭಾಮೈದ ಶುರುಮಾಡಿದ. "ದೊಡ್ಡ ಫೈನಲ್ಲೂ ಅವಳದೇ. ನಿಮ್ಮ ಕೊಕ್ಕರೆ ಆರು ಓಟ ಓಡಿ, ತೊಡೆ ಹಿಡ್ಕೊಂಡು ಮನೇಲಿ ಕೂತ್ಳು."

"ಆ ಆರರಲ್ಲೇ ವರ್ಷದ ಅತಿ ವೇಗದ ನೂರು ಮೀಟರ್ ಓಟ ಇದೆಯಲ್ಲಯ್ಯ! ಹತ್ತು ಸೆಕೆಂಡು ಎಪ್ಪತ್ತೊಂದು! ನಿಮ್ಮೋಳು ಎಪ್ಪತ್ತನಾಲ್ಕು!"

"ಸೆಕೆಂಡಿನ ನೂರರಲ್ಲಿ ಮೂರಂಶ! ಅಷ್ಟರಲ್ಲಿ ಕಣ್ಣು ಮಿಟುಕಿಸೋಕೂ ಆಗಲ್ಲ."

"ಅದೂ ಹೇಗೆ? ಎದುರುಗಾಳೀಲಿ! ನಿಮ್ಮೋಳಿಗೆ ಬೆನ್ನಿಗೆ ಗಾಳಿ ಇತ್ತು. ಯಾರೋ ಹಿಂದಿನಿಂದ ತಳ್ಳಿಕೊಟ್ಟ ಹಾಗೆ. ಅತ್ತೆ, ಬರ್ಕೊಳ್ಳಿ. ಎದುರುಗಾಳೀಲಿ ಓಡಿ ಗೆದ್ದವಳೇ ನಿಜವಾದ ರಾಣಿ. ಇದು ನನ್ನ ಸಿದ್ಧಾಂತ."

ಅತ್ತೆ ಹಳೆಯ ಟೆಂಪರೇಚರ್ ಚಾರ್ಟಿನ ಹಿಂಬದಿಯಲ್ಲಿ ಅದನ್ನು ಅಕ್ಷರಶಃ ಬರೆದುಕೊಂಡರು.

"ಗಾಳಿಯಂತೆ ಗಾಳಿ! ಅಷ್ಟು ಗಾಳಿಗೆ ನನ್ನ ಮೀಸೆ ಕೂದಲೂ ಅಲ್ಲಾಡಲ್ಲ," ಎಂದ ಭಾಮೈದ.

ಮೇಷ್ಟ್ರು ಕಾಯುತ್ತಿದ್ದುದು ಈ ಮಾತಿಗೇ. ಎದ್ದು ಹೋಗಿ ಬಾಗಿಲಾಚೆ ಮುಚ್ಚಿಟ್ಟಿದ್ದ ಗೋಣಿಚೀಲ ಸರಕ್ಕನೆ ಎಳೆದರು. ಕೆಳಗೆ ಎದೆಯೆತ್ತರದ, ಚಕ್ರದ ಮೇಲೆ ನಿಲ್ಲುವ, ಲಾರಿ ಚಕ್ರದಷ್ಟು ಅಗಲದ ಫ್ಯಾನು! ಗೋದಾಮು ಒಂದರಿಂದ ಸುಟ್ಟು ಬಂದಿತ್ತು. ಮೇಷ್ಟ್ರು ಮೂರು ದಿನ ಕೂತು ಸುರುಳಿ ಸುತ್ತಿದ್ದರು. ತಂತಿ ಒಂದು ಗೇಜು ದಪ್ಪದ್ದು. ಸುತ್ತು ಮಾತ್ರ ಇರಬೇಕಾದ್ದಕ್ಕಿಂತ ಕಡಿಮೆ. ನಡುವೆ ಕೊಕ್ಕರೆಯ ಹಳೆಯ ಓಟವೊಂದು ಟೀವಿಯಲ್ಲಿ ಬಂದದ್ದರಿಂದ ಎಣಿಕೆ ತಪ್ಪಿತ್ತು. ಹೀಗಾಗಿ ಆ ಫ್ಯಾನಿಗೆ ಮೊದಲಿಲ್ಲದ ಒಂದು ಹುಚ್ಚು ಬಲ ಬಂದುಬಿಟ್ಟಿತ್ತು. ವೇಗ ಏರಿಸಿ ಇಳಿಸುವ ಗುಂಡಿ ಇನ್ನೂ ಹಾಕಿರಲಿಲ್ಲ. ಒಂದೇ ವೇಗ, ಪೂರ್ತಿ ವೇಗ.

"ನಮ್ಮ ಮಹಡಿ ವರಾಂಡ ಸರಿಯಾಗಿ ಇಪ್ಪತ್ತೆರಡು ಮೀಟರು. ಮೊದಲು ಬೆನ್ನುಗಾಳೀಲಿ ಓಡು. ಆಮೇಲೆ ಎದುರುಗಾಳೀಲಿ ಓಡು. ಅತ್ತೆ ಟೈಮ್ ಹಿಡೀತಾರೆ. ನಿನ್ನ ಕಾಲೇ ನನ್ನ ಸಾಕ್ಷಿ!"

ಮಲಗುವ ಕೋಣೆಯಿಂದ ಹೆಂಡತಿ ಕತ್ತರಿ ಹಿಡಿದೇ ಇಣುಕಿದಳು. ಅವಳು ದರ್ಜಿ. ನಾಟಕ ತಂಡವೊಂದಕ್ಕೆ ಒಂಬತ್ತು ರಾಜರ ನಿಲುವಂಗಿ ಹೊಲಿಯಬೇಕಿತ್ತು. ವಾರವೆಲ್ಲ ಕೂತು ತೆಳು ಕಾಗದದಲ್ಲಿ ತೋಳು, ಬೆನ್ನು, ಕಾಲರು ಎಂದು ಎಂಬತ್ತೊಂದು ಅಚ್ಚು ಕತ್ತರಿಸಿ, ಹಾಲಿನ ನೆಲದ ಮೇಲೆ ರಾಜನ ಪ್ರಕಾರ ಹರಡಿಟ್ಟಿದ್ದಳು. ನಡೆದಾಡುವವರೆಲ್ಲ ಗೋಡೆಗಂಟಿಕೊಂಡೇ ನಡೆಯಬೇಕು.

"ರೀ, ಒಂದೇ ಮಾತು. ಆ ಭೂತದ ಮುಖ ನನ್ನ ಬಾಗಿಲ ಕಡೆ ತಿರುಗಬಾರ್ದು."

"ತಿರುಗೋದಾ? ಛೆ! ನಂಗೆ ಗಾಳಿ ಯಾವ ಕಡೆ ಬೀಸುತ್ತೆ ಅಂತ ಗೊತ್ತಿಲ್ವಾ? ಇಪ್ಪತ್ತೆಂಟು ವರ್ಷದ ಅನುಭವ!"

ವರಾಂಡದ ಒಂದು ತುದಿಗೆ ಮೇಷ್ಟ್ರ ಮನೆ ಬಾಗಿಲು, ಇನ್ನೊಂದು ತುದಿಗೆ ಅದಕ್ಕೆ ನೇರ ಎದುರಾಗಿ ಫೋಟೊ ಸ್ಟುಡಿಯೊದವರ ಬಾಗಿಲು. ಅವರನ್ನು ಕ್ಯಾಮೆರಾ ಸಮೇತ ಕರೆದು, ಅವರ ಬಾಗಿಲ ಮುಂದೆ ಎಳೆದಿದ್ದ ಮುಕ್ತಾಯದ ಗೆರೆಯ ಬಳಿ ನಿಲ್ಲಿಸಲಾಯಿತು. "ಗೆರೆ ದಾಟಿದ ತಕ್ಷಣ ಕ್ಲಿಕ್ಕಿಸಿ. ಅಧಿಕೃತ ದಾಖಲೆ!" ಪಾಸ್‌ಪೋರ್ಟ್ ಫೋಟೊ ತೆಗೆದು ತೆಗೆದು ಬೇಸತ್ತಿದ್ದ ಅವರು ಸಂತೋಷದಿಂದ ಒಪ್ಪಿದರು. "ಅಲ್ಲಾಡೋ ಮನುಷ್ಯರನ್ನ ತೆಗೆದು ಎಷ್ಟು ವರ್ಷ ಆಯ್ತು ಸಾರ್!"

ಮೊದಲ ಓಟ, ಬೆನ್ನುಗಾಳಿ. ಫ್ಯಾನನ್ನು ಮೇಷ್ಟ್ರ ಬಾಗಿಲಿಗೆ ಬೆನ್ನು ಮಾಡಿ ನಿಲ್ಲಿಸಿದರು. ಸ್ವಿಚ್ಚು ಒತ್ತಿದ್ದೇ ತಡ, ವಿಮಾನವೊಂದು ಮೂರನೇ ಮಹಡಿಯಿಂದ ಹೊರಡುವಂಥ ಸದ್ದು! ಅತ್ತೆ ಸ್ಟಾಪ್‌ವಾಚ್ ಒತ್ತಿ ಕೈ ಬೀಸಿದರು. ಭಾಮೈದ ಓಡಲಿಲ್ಲ, ಸಾಗಿಸಲ್ಪಟ್ಟ. ಅಂಗಿ ಹಾಯಿಯಂತೆ ಉಬ್ಬಿತು. ಗೆರೆ ದಾಟಿದ ಮೇಲೆ ಬಲಗಾಲು ಅಭ್ಯಾಸದಂತೆ ಬ್ರೇಕು ಹುಡುಕಿತು. ಇಪ್ಪತ್ತು ವರ್ಷ ಪಾದದಡಿಯಲ್ಲೇ ಇದ್ದ ಬ್ರೇಕು ಬೇಕಾದ ದಿನ ಇರಲಿಲ್ಲ! ಸ್ಟುಡಿಯೊದವರ ತೆರೆದ ಬಾಗಿಲಿನೊಳಗೆ ಹೋಗಿ, ಹಾಲ್ ದಾಟಿ, ಫೋಟೊಗೆ ಕಟ್ಟಿದ್ದ ನೀಲಿ ಪರದೆಯನ್ನು ಅಪ್ಪಿಕೊಂಡು ಸೋಫಾದ ಮೇಲೆ ಬಿದ್ದ.

"ಐದು ಪಾಯಿಂಟ್ ಒಂಬತ್ತು," ಎಂದರು ಅತ್ತೆ. ಮಗ ಬದುಕಿದ್ದಾನೆಯೇ ಎಂದು ನೋಡಿದ್ದು ಆಮೇಲೆ.

ನೀಲಿ ಪರದೆ ಹೊದ್ದೇ ಭಾಮೈದ ಹೊರಬಂದ. "ಭಾವ, ಗಾಳಿ ಇದೆ ಅಂತ ಒಪ್ಕೊಂಡೆ. ಸಾಕಲ್ವಾ?"

ಸಾಕಾಗುತ್ತಿತ್ತು! ಅಲ್ಲಿಗೇ ನಿಲ್ಲಿಸಿದ್ದರೆ ಕೊಕ್ಕರೆ ಅಂದು ಮಧ್ಯಾಹ್ನವೇ ಗೋಡೆಯೇರುತ್ತಿದ್ದಳು. ಆದರೆ ಗೆಲುವಿನ ವಾಸನೆ ಹಿಡಿದ ಮೂಗು ಬಾಯಿಯ ಮಾತು ಕೇಳುವುದಿಲ್ಲ. "ಅರ್ಧ ಪ್ರಯೋಗ ವಿಜ್ಞಾನಕ್ಕೆ ಅವಮಾನ!" ಎಂದು ಮೇಷ್ಟ್ರು ಫ್ಯಾನನ್ನು ಗಡಗಡ ಉರುಳಿಸಿಕೊಂಡು ವರಾಂಡದ ಆ ತುದಿಗೆ ಒಯ್ದರು. ಸ್ಟುಡಿಯೊದವರ ಬಾಗಿಲಲ್ಲಿ ನಿಲ್ಲಿಸಿ, ಓಡಿ ಬರುವವನ ಮುಖಕ್ಕೆ ಗುರಿಯಿಟ್ಟು, ಗೆರೆಯ ಪಕ್ಕ ತಾವು ನಿಂತರು. ಇತ್ತ ಭಾಮೈದ ಮೇಷ್ಟ್ರ ಮನೆ ಬಾಗಿಲ ಮುಂದೆ ನಿಂತಿದ್ದಾನೆ, ಅವನ ಹಿಂದೆ ಬಾಗಿಲು ಪೂರ್ತಿ ತೆರೆದಿದೆ, ಬಾಗಿಲ ಹಿಂದೆ ಒಂಬತ್ತು ರಾಜರು ಕಾಗದದಲ್ಲಿ ಮಲಗಿದ್ದಾರೆ. ಇಪ್ಪತ್ತೆಂಟು ವರ್ಷದ ಅನುಭವಕ್ಕೆ ಇದಾವುದೂ ಕಾಣಲಿಲ್ಲ.

ಸ್ವಿಚ್ಚು ಬಿತ್ತು.

ಗಾಳಿ ಇಪ್ಪತ್ತೆರಡು ಮೀಟರನ್ನು ಯಾವ ಓಟಗಾರ್ತಿಗೂ ಆಗದ ವೇಗದಲ್ಲಿ ಮುಗಿಸಿ ಮನೆಯೊಳಗೆ ನುಗ್ಗಿತು. ಎಂಬತ್ತೊಂದು ಅಚ್ಚುಗಳೂ ಒಮ್ಮೆಲೇ ಎದ್ದು ನಿಂತವು. ಒಂದನೇ ರಾಜನ ತೋಳು ಟೀವಿಯನ್ನು ತಬ್ಬಿತು. ನಾಲ್ಕನೇ ರಾಜನ ಬೆನ್ನು ಅಡುಗೆಮನೆಗೆ ಹೋಗಿ ಸಾಂಬಾರಿನಲ್ಲಿ ಮುಳುಗಿತು. ಏಳನೆಯವನು ಕಿಟಕಿಯಿಂದ ದೇಶಾಂತರ ಹೋದ. ಒಂದು ಕಾಲರು ಗೋಡೆಯ ಮೇಲಿದ್ದ ಹಳೆಯ ಚಾಂಪಿಯನ್ನಿನ ಕುತ್ತಿಗೆಗೇ ಹೋಗಿ ಕೂತಿತು, ಅಳತೆ ತೆಗೆದಂತೆ.

"ರೀ!"

ಫ್ಯಾನಿನ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳದಿದ್ದ ಮೇಷ್ಟ್ರಿಗೆ ಆ ಒಂದಕ್ಷರ ಮಾತ್ರ ಸ್ಪಷ್ಟವಾಗಿ ಕೇಳಿತು.

ಅದೇ ಕ್ಷಣಕ್ಕೆ ಅತ್ತೆ ಮಗನಿಗೆ ಕೈ ಬೀಸಿದರು. ಭಾಮೈದ ಎರಡು ಹೆಜ್ಜೆ ಇಟ್ಟ. ಮೂರನೆಯದನ್ನು ಗಾಳಿ ವಾಪಸ್ ಕಳಿಸಿತು. ನಿಂತಲ್ಲೇ ಓಡುತ್ತಿದ್ದ ಅವನ ಪಕ್ಕದಿಂದ ಏನೋ ಒಂದು ಸುಯ್ಯೆಂದು ಹಾದುಹೋಯಿತು. ಕೊರಳಲ್ಲಿ ಅಳತೆಯ ಟೇಪು ಹಿಂದಕ್ಕೆ ಹಾರುತ್ತಿದೆ, ತುಟಿಗಳ ನಡುವೆ ನಾಲ್ಕು ಗುಂಡುಸೂಜಿ, ಕೈಯಲ್ಲಿ ಕತ್ತರಿ, ಕಣ್ಣು ನೇರ ಮೇಷ್ಟ್ರ ಮೇಲೆ! ಮೇಷ್ಟ್ರು ಟೀವಿಯಲ್ಲಿ ಹತ್ತು ವರ್ಷದ ಓಟಗಳನ್ನೆಲ್ಲ ನೋಡಿದ್ದರು. ಮಂಡಿ ಅಷ್ಟು ಮೇಲೆ ಬರುವುದನ್ನು, ಭುಜ ಅಷ್ಟು ಅಲ್ಲಾಡದಿರುವುದನ್ನು ಎಲ್ಲೂ ಕಂಡಿರಲಿಲ್ಲ. ಓಡಿ ತಪ್ಪಿಸಿಕೊಳ್ಳಬೇಕೆಂಬುದು ಹೊಳೆಯುವ ಮೊದಲು "ಆಹಾ, ಎಂಥಾ ಓಟ!" ಎಂದು ಹೊಳೆದುಬಿಟ್ಟಿತು.

ಅವಳು ಗೆರೆ ದಾಟಿದಳು. ಸ್ಟುಡಿಯೊದವರ ಬೆರಳು ಅಭ್ಯಾಸಬಲದಿಂದ ಕ್ಲಿಕ್ಕಿಸಿತು. ಅವಳು ಫ್ಯಾನಿನ ವೈರನ್ನು ಒಂದೇ ಎಳೆತಕ್ಕೆ ಕಿತ್ತಳು. ಭೂತ ಗೊರಗೊರ ಎಂದು ನಿಂತಿತು.

ಆ ನಿಶ್ಶಬ್ದದಲ್ಲಿ ಅತ್ತೆಯ ದನಿ ಮಾತ್ರ ಕೇಳಿತು. "ನಾಲ್ಕು ಪಾಯಿಂಟ್ ಎಂಟು."

"ಅಮ್ಮಾ! ನೀನು ಟೈಮ್ ಹಿಡಿದ್ಯಾ?" ಎಂದಳು ಹೆಂಡತಿ, ಗುಂಡುಸೂಜಿ ತೆಗೆದು.

"ಓಡ್ತಿದ್ದೋರು ಕಂಡ್ರು, ಹಿಡ್ದೆ. ನನ್ನ ಕೆಲಸ ನಾನು ಮಾಡ್ದೆ."

ಅಂದು ಮಧ್ಯಾಹ್ನವೆಲ್ಲ ನ್ಯಾಯಾಲಯ ನೆಲದ ಮೇಲೆ ಮೊಣಕಾಲೂರಿ ರಾಜರನ್ನು ಜೋಡಿಸಿತು. ಭಾಮೈದ ಕೆಳಗಿನ ರಸ್ತೆಯಿಂದ ಏಳನೆಯವನನ್ನು ಹಿಡಿದು ತಂದ. ಮೇಷ್ಟ್ರು ನಾಲ್ಕನೆಯವನ ಬೆನ್ನನ್ನು ತೊಳೆದು, ಅದು ಉಳಿಯದಿದ್ದಾಗ ಹೆಂಡತಿಯ ಕಣ್ಗಾವಲಲ್ಲಿ ಹೊಸದನ್ನು ಕತ್ತರಿಸಿದರು. ಮೂರು ಸಲ ಕತ್ತರಿಸಿದರು. ಮೊದಲೆರಡು ಬೆನ್ನುಗಳ ರಾಜರಿಗೆ ಗೂನು ಇರಬೇಕಾಗುತ್ತಿತ್ತು. ಒಂದನೇ ರಾಜನ ಎಡತೋಳಿಗೆ ಎಂಟನೆಯವನ ಬಲತೋಳು ಸೇರಿಸಿ ಭಾಮೈದ "ಇವನು ನೋಡಿ ಭಾವ, ಗೇರಿಗೊಂದು ಉದ್ದ ಕೈ, ಸ್ಟೀರಿಂಗಿಗೊಂದು ಗಿಡ್ಡ ಕೈ, ಡ್ರೈವಿಂಗಿಗೆ ಸರಿಯಾದ ರಾಜ" ಎಂದಾಗ ಹೆಂಡತಿಗೇ ನಗು ತಡೆಯಲಾಗಲಿಲ್ಲ. ಆಮೇಲೆ ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನಗುವಿನ ಗಾಳಿಗೆ ಮತ್ತೆ ಎರಡು ಕಾಲರು ಹಾರಿದವು.

ಸಂಜೆ ಟೀಗೆ ಕೂತಾಗ ಮೇಷ್ಟ್ರು ಮೆಲ್ಲನೆ ಗಂಟಲು ಸರಿಮಾಡಿಕೊಂಡರು. "ಅತ್ತೆ... ಆ ಮೊಳೆ ವಿಷಯ. ಬೆನ್ನುಗಾಳಿ ಪ್ರಯೋಗ ಅಂತೂ ಸಾಬೀತಾಯ್ತಲ್ಲ..."

ಅತ್ತೆ ಟೆಂಪರೇಚರ್ ಚಾರ್ಟು ತಿರುಗಿಸಿ ಕನ್ನಡಕ ಏರಿಸಿದರು. "'ಎದುರುಗಾಳೀಲಿ ಓಡಿ ಗೆದ್ದವಳೇ ನಿಜವಾದ ರಾಣಿ.' ಇದು ನಿಮ್ಮ ಮಾತೇ ತಾನೆ ಅಳಿಯಂದ್ರೇ?"

"ನಂದೇ! ನಂದೇ! ಅದನ್ನೇ ನಾನು..."

"ಬೆನ್ನುಗಾಳೀಲಿ ನನ್ನ ಮಗ ಐದು ಪಾಯಿಂಟ್ ಒಂಬತ್ತು. ಎದುರುಗಾಳೀಲಿ ನನ್ನ ಮಗಳು ನಾಲ್ಕು ಪಾಯಿಂಟ್ ಎಂಟು. ಈ ಸೀಸನ್ನಿನಲ್ಲಿ ಒಂದೇ ಓಟ, ಒಂದೇ ಗೆಲುವು, ಸೋಲೇ ಇಲ್ಲ. ಕೊಕ್ಕರೆ ವೇಗವೂ ಆಯ್ತು, ಗೋಲಿ ಲೆಕ್ಕವೂ ಆಯ್ತು. ತೀರ್ಪು ಮುಗೀತು."

ಅಷ್ಟರಲ್ಲಿ ಸ್ಟುಡಿಯೊದವರು ತೊಳೆದ ಮುಖದಂತೆ ಹೊಳೆಯುವ ಫೋಟೊ ಹಿಡಿದು ಬಂದರು. ಭಾಮೈದ ತಾನು ತಂದ ಚೌಕಟ್ಟಿನಿಂದ ಗೋಲಿಯನ್ನು ತಾನೇ ಇಳಿಸಿ ಅಕ್ಕನನ್ನು ಕೂರಿಸಿದ. ಮೇಷ್ಟ್ರು ಕುರ್ಚಿ ಹತ್ತಿ ತಾವೇ ಮೊಳೆಗೆ ತೂಗುಹಾಕಿದರು. ಇಳಿದು ತಮ್ಮ ಜಾಗದಲ್ಲಿ ಕೂತು ತಲೆಯೆತ್ತಿದರೆ, ಹಾರುವ ಟೇಪು, ಎತ್ತಿದ ಕತ್ತರಿ, ನೇರ ತಮ್ಮ ತಟ್ಟೆಯ ಮೇಲೆಯೇ ನೆಟ್ಟ ಆ ಎರಡು ಕಣ್ಣು! ಇನ್ನು ಒಂದು ವರ್ಷ, ದಿನಕ್ಕೆ ಮೂರು ಹೊತ್ತು!

"ಫೋಟೊ ಸ್ವಲ್ಪ ಭಯಂಕರವಾಗಿಲ್ವಾ?" ಎಂದರು ಮೇಷ್ಟ್ರು, ಬಿಸ್ಕತ್ತು ಕೈಯಲ್ಲೇ ಹಿಡಿದು.

ಹೆಂಡತಿ ಅವರ ಲೋಟಕ್ಕೆ ಇನ್ನಷ್ಟು ಟೀ ಬಗ್ಗಿಸಿ, ಗೋಡೆಯ ಕಡೆ ಒಮ್ಮೆ ನೋಡಿ, ನಕ್ಕಳು.

"ಅದು ಎದುರುಗಾಳೀಲಿ ಬಂದಿದ್ದು ರೀ. ಗಾಳಿ ಇಲ್ಲದ ದಿನ ಎಷ್ಟು ಬೇಗ ಬರ್ತೀನಿ ಅಂತ, ನೀವೇ ಲೆಕ್ಕ ಹಾಕಿ ಇಟ್ಕೊಳ್ಳಿ."