ಮಂಗಳವಾರದ ಬೋಣಿ

ನನ್ನ ಮೊಮ್ಮಗಳು ಚೈತ್ರ ಅತ್ತಿಗುಪ್ಪೆಯಲ್ಲಿ ಸಲೂನ್ ತೆರೆದಳು. ಮೊದಲು ಇದನ್ನು ಹೇಳಿಬಿಡಬೇಕು, ಮಿಕ್ಕಿದ್ದು ನಿಧಾನಕ್ಕೆ ಹೇಳಿದರಾಯಿತು. ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟವಳು ನಾನು. ಆದರೂ ಬೋರ್ಡಿನ ಮೇಲಿನ ಅವಳ ಹೆಸರನ್ನು ಕೂಡಿಸಿಕೊಂಡು ಓದಿ, ಸೊಪ್ಪಿನವಳಿಂದ ಹಿಡಿದು ಮೆಟ್ರೋಗೆ ಓಡುತ್ತಿದ್ದ ಗುರುತಿಲ್ಲದ ಹುಡುಗಿಯವರೆಗೂ ಎಲ್ಲರಿಗೂ ತೋರಿಸಿದೆ.

ಅದು ನಮ್ಮ ಯಜಮಾನರ ಕಟಿಂಗ್ ಶಾಪ್ ಇದ್ದ ಮಳಿಗೆಯೇ. ಅವರು ಹೋಗಿ ಎರಡು ವರ್ಷವಾಯಿತು. ಕನ್ನಡಿ, ದೀಪ ಎಲ್ಲಾ ಹೊಸದು. ಅವರ ಕಬ್ಬಿಣದ ಕುರ್ಚಿಯೊಂದನ್ನು ಮಾತ್ರ ಹುಡುಗಿ ಬಿಟ್ಟುಕೊಡಲಿಲ್ಲ. ಆ ಕುರ್ಚಿಯಲ್ಲಿ ಬೀದಿಯವರೆಲ್ಲ ಕೂತಿದ್ದಾರೆ, ನಾನು ಕೂತಿಲ್ಲ. ಗಂಡಸರ ಅಂಗಡಿಯೊಳಗೆ ಹೆಂಡತಿಗೇನು ಕೆಲಸ? ಊಟದ ಕ್ಯಾರಿಯರ್ ಬಾಗಿಲಲ್ಲೇ ಕೊಟ್ಟು ಬರುತ್ತಿದ್ದೆ.

ಚೈತ್ರ ತೆರೆದದ್ದು ಮಂಗಳವಾರ. ಕಟಿಂಗ್ ಶಾಪಿನವರಿಗೆಲ್ಲ ಅವತ್ತು ರಜ. ಬೇರೆಯವರು ಮುಚ್ಚಿದ ದಿನ ತೆರೆದರೆ ಗಿರಾಕಿಗಳೆಲ್ಲ ನಮ್ಮಲ್ಲಿಗೇ ಬರುತ್ತಾರೆ ಅಂತ ಅವಳ ಬುದ್ಧಿವಂತಿಕೆ. ಮೊದಲ ದಿನವೇ ಬೋಣಿ ಆಗದಿದ್ದರೆ ಏನು ಗತಿ ಅಂತ ಅವಳಪ್ಪನ ಆತಂಕ. ಪೂಜೆ ಮುಗಿದ ಮೇಲೆ, ಬಂದವರನ್ನು ಒಳಗೆ ಕರೆಯೋ ಕೆಲಸ ನನಗೆ ವಹಿಸಿ, ಬಾಗಿಲಾಚೆ ಸ್ಟೂಲ್ ಹಾಕಿಕೊಟ್ಟರು.

ಎಡವಟ್ಟಾದದ್ದು ಅಲ್ಲೇ ನೋಡಿ. ನಲವತ್ತು ವರ್ಷ ಮಂಗಳವಾರ ಬಂತೆಂದರೆ ನಾನು ಮನೆ ಬಾಗಿಲು ಕಾಯುತ್ತಿದ್ದೆ. ಮದುವೆ ಇದೆ, ಇಂಟರ್ವ್ಯೂ ಇದೆ ಅಂತ ಅವರನ್ನು ಹುಡುಕಿಕೊಂಡು ಬರುವವರನ್ನೆಲ್ಲ ಸಾಗಹಾಕುತ್ತಿದ್ದೆ. ವಾರದಲ್ಲಿ ಅದೊಂದು ದಿನ ಅವರು ಬೀದಿಯವರಲ್ಲ, ನನ್ನವರು. ಸ್ಟೂಲಿನ ಮೇಲೆ ಕೂತದ್ದೇ ತಡ, ಆ ಹಳೇ ಅಭ್ಯಾಸ ಬಾಯಿಗೆ ಬಂದು ಕೂತಿತು. ಬಂದ ಏಳೆಂಟು ಜನರನ್ನು ನಗುನಗುತ್ತಾ ವಾಪಸ್ ಕಳಿಸಿದೆ. ಗಾಜಿನ ತುಂಬ ಚಿತ್ರ ಅಂಟಿಸಿದ್ದರಿಂದ ಚೈತ್ರಳಿಗೆ ಹೊರಗಿನದೇನೂ ಕಾಣದು. ಪಾಪ, ಒರೆಸಿದ ಕತ್ತರಿಯನ್ನೇ ಒರೆಸುತ್ತಾ ಕಾಯುತ್ತಿದ್ದಳು.

ಸಂಜೆ ಒಬ್ಬಾಕೆ ಬಂದಳು.

"ಇವತ್ತು ಮಂಗಳವಾರ ಕಣಮ್ಮ," ಅಂದೆ. "ಅವರು ಮಲಗಿದ್ದಾರೆ. ನಾಳೆ ಬಾ."

ಆಕೆ ಹೋದಳು. ತಿರುಗಿದರೆ ಬಾಗಿಲಲ್ಲಿ ಚೈತ್ರ.

ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಬಂದು ನನ್ನ ಕೈ ಹಿಡಿದಳು.

"ಬಾ ಅಜ್ಜಿ. ತಾತ ಮಲಗಿರ್ಲಿ. ನೀನು ಕೂತ್ಕೋ."

ಕುರ್ಚಿಯ ಬೆನ್ನಿನ ಕಬ್ಬಿಣ ಅವರ ಕೈ ತಾಗಿ ತಾಗಿ ನುಣುಪಾಗಿತ್ತು. ಹುಡುಗಿ ನನ್ನ ತುರುಬು ಬಿಚ್ಚಿ, ತುದಿಯಲ್ಲಿ ಎರಡು ಬೆರಳಷ್ಟು ಕತ್ತರಿಸಿದಳು. ಅಷ್ಟು ದೊಡ್ಡ ಕನ್ನಡಿ ಇದ್ದರೂ ನಾವಿಬ್ಬರೂ ಅದರೊಳಗೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅವತ್ತು ರಾತ್ರಿ ಮನೆಮಂದಿಯೆಲ್ಲ ಒಟ್ಟಿಗೆ ಊಟಕ್ಕೆ ಕೂತೆವು. ಬೋಣಿ ಯಾರದಮ್ಮ ಅಂತ ಮಗ ತನ್ನ ಮಗಳನ್ನು ಕೇಳಿದ.

"ಹಳೇ ಗಿರಾಕಿ ಅಪ್ಪಾ," ಅಂದಳು ಚೈತ್ರ. "ಬೇರೆ ಯಾರನ್ನೂ ಒಳಗೇ ಬಿಡ್ಲಿಲ್ಲ."

ನಾನು ತಲೆ ಎತ್ತದೆ ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡೆ.