ಚೆಕಿಂಗ್ ಅತ್ತೆ ಪ್ರೋಗ್ರಾಂ ಬರೆದದ್ದು

ನಮ್ಮ ಅತ್ತೆಯ ಬಗ್ಗೆ ಇಷ್ಟು ಧೈರ್ಯವಾಗಿ ಬರೆಯಲು ನನಗಿರುವ ಕಾರಣ ಒಂದೇ: ಅವಳಿಗೆ ಕನ್ನಡ ಓದಲು ಬರುವುದಿಲ್ಲ! ಬಂದಿದ್ದರೆ ಇಷ್ಟು ಹೊತ್ತಿಗೆ ಈ ಹಾಳೆಯ ತುಂಬ ಕೆಂಪು ಬಾಣಗಳು ಅಂಟಿಕೊಂಡಿರುತ್ತಿದ್ದವು. ಅತ್ತೆ ಎಂದರೆ ಗಂಡನ ತಾಯಿಯಲ್ಲ, ಅಪ್ಪನ ಅಕ್ಕ. ತಮಿಳು ಸೀಮೆಯ ಕುನ್ನತ್ತೂರಿನ ನಮ್ಮ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತೇವೆ, ಅರ್ಧಕ್ಕರ್ಧ ತಮಿಳು ಬೆರೆಸಿ. ಓದಲು ಬರುವುದು ಮಾತ್ರ ಕೊಳ್ಳೇಗಾಲದಿಂದ ಸೊಸೆಯಾಗಿ ಬಂದ ನನ್ನ ಅಮ್ಮನಿಗೆ, ಮತ್ತು ಅವಳ ಕೈಯಲ್ಲಿ ಕಿವಿ ಹಿಂಡಿಸಿಕೊಂಡು ಕಲಿತ ನನಗೆ.

ಅತ್ತೆ ಚಿಕ್ಕ ವಯಸ್ಸಿನಿಂದಲೂ ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಚೆಕಿಂಗ್ ಕೆಲಸದವಳು. ಹೊಲಿದು ಬಂದ ಬನಿಯನ್ನನ್ನು ಟ್ಯೂಬ್‌ಲೈಟಿನ ಕೆಳಗೆ ಹರಡುವುದು, ತೂತು, ಕಲೆ, ಬಿಟ್ಟುಹೋದ ಹೊಲಿಗೆ ಕಂಡ ಕಡೆ ಕೆಂಪು ಬಾಣದ ಪುಟ್ಟ ಸ್ಟಿಕ್ಕರ್ ಅಂಟಿಸುವುದು, ಇಷ್ಟೇ ಕೆಲಸ. ಸಂಜೆ ಕಂಪನಿಯ ವ್ಯಾನು ಅವಳನ್ನು ಮನೆಗೆ ತಂದು ಬಿಡುತ್ತಿತ್ತು, ಆದರೆ ಕೆಲಸ ಅವಳನ್ನು ಬಿಡಬೇಕಲ್ಲ! ಸೀದ ದೋಸೆಗೆ ಬಾಣ. ಸುಣ್ಣ ಉದುರಿದ ಗೋಡೆಗೆ ಬಾಣ. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಮೂಗಿನ ತುದಿಯಲ್ಲಿ ಎದ್ದ ಮೊಡವೆಗೂ ಒಂದು ಬಾಣ. ಅದನ್ನು ಕೀಳಲು ಮರೆತು ಸ್ಕೂಲಿಗೆ ಹೋಗಿ ನಾನು ಪಟ್ಟ ಪಾಡು ನನಗೇ ಗೊತ್ತು.

ಅವಳಿಗೆ ಮದುವೆಯಾಗದಿರುವುದಕ್ಕೂ ಈ ಬಾಣವೇ ಕಾರಣ ಎಂದು ಅಮ್ಮ ಹೇಳುತ್ತಾಳೆ. ನೋಡಲು ಬಂದ ವರನಿಗೆ ಕಾಫಿ ಕೊಡಲು ಬಗ್ಗಿದವಳ ಕಣ್ಣಿಗೆ ಅವನ ಚೊಕ್ಕಾದ, ಅಂದರೆ ಅಂಗಿಯ, ಜೇಬಿನ ಅಂಚಿನ ಹೊಲಿಗೆ ಬಿಟ್ಟಿದ್ದು ಬಿತ್ತಂತೆ. ಕೈ ಮಾತು ಕೇಳಬೇಕಲ್ಲ! ಸೊಂಟದಿಂದ ಸ್ಟಿಕ್ಕರ್ ತೆಗೆದು ಎಲ್ಲರ ಎದುರಿಗೇ ಜೇಬಿಗೆ ಅಂಟಿಸಿಬಿಟ್ಟಳು. ಬಂದವರು ಕಾಫಿ ಕೂಡ ಮುಗಿಸದೆ ಎದ್ದರು. ಅತ್ತೆಗೆ ಒಂದಿಷ್ಟೂ ಬೇಸರವಿಲ್ಲ. "ಚೊಕ್ಕಾನೇ ನೋಡಿ ಹಾಕ್ಕಳ್ಳದವನು ಹೆಂಡ್ತೀನ ಏನ್ ನೋಡ್ಕೋತಾನೆ, ಬಿಡು!" ಅಂದಳಂತೆ.

ಹೀಗಿದ್ದ ಅತ್ತೆಗೆ ಐವತ್ತೊಂದು ತುಂಬಿದ ವರ್ಷ ಕಂಪನಿಗೆ ಒಂದು ಮೆಷಿನ್ ಬಂತು. ಕ್ಯಾಮೆರಾ ಇಟ್ಟುಕೊಂಡು ತಾನೇ ಬಟ್ಟೆ ನೋಡುತ್ತದೆ, ತಾನೇ ತೂತು ಹುಡುಕುತ್ತದೆ. ಚೆಕಿಂಗ್ ಟೇಬಲ್ ತೆಗೆದರು, ಅತ್ತೆಯನ್ನು ಪ್ಯಾಕಿಂಗಿಗೆ ಹಾಕಿದರು. ಅವಳು ಮೊದಲ ದಿನವೇ ಆ ಮೆಷಿನ್ನಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು. ಎಣ್ಣೆ ಕಲೆಯ ಬಟ್ಟೆಯೊಂದು ಅದರ ಕಣ್ಣೆದುರೇ ರಾಜಾರೋಷವಾಗಿ ದಾಟಿಹೋಯಿತು. ಅತ್ತೆ ತಡ ಮಾಡಲಿಲ್ಲ, ಮೆಷಿನ್ನಿಗೇ ಒಂದು ಬಾಣ ಅಂಟಿಸಿದಳು!

ಮೆಷಿನ್ ಕೂರಿಸಲು ಅದನ್ನು ತಯಾರಿಸುವ ತುಡಿಯಲೂರಿನ ಕಂಪನಿಯಿಂದ ಬಂದಿದ್ದ ಇಂಜಿನಿಯರ್ ಮೈಸೂರು ಕಡೆಯ ಹುಡುಗಿ. ಫೋನಿನಲ್ಲಿ ಅವಳಾಡುತ್ತಿದ್ದ ಕನ್ನಡ ಅತ್ತೆಯ ಕಿವಿಗೆ ಬಿತ್ತು.

"ಪಾಪಾ, ನೀ ನಮ್ಮ ಮಾತು ಆಡ್ತೀಯಲ್ಲ!"

"ನಿಮಗೆ ಕನ್ನಡ ಬರುತ್ತಾ ಮೇಡಂ?"

"ಬರದೆ ಏನು? ನಮ್ಮ ಅಜ್ಜನ ಅಜ್ಜನ ಕಾಲದಿಂದ ಮನೇಲಿ ಅದೇ. ಅದಿರ್ಲಿ, ಈ ಮೆಷಿನ್‌ಗೆ ಓಟೆ ಯಾವ್ದು, ಕರೆ ಯಾವ್ದು ಅಂತ ಹೇಳಿಕೊಟ್ಟೋರು ಯಾರು?"

"ತೂತು, ಕಲೆ ಎಲ್ಲಾ ನಾವೇ ಹೇಳಿಕೊಡೋದು. ಪ್ರೋಗ್ರಾಂ ಬರೀತೀವಿ."

"ನೀ ಒಂದ್ ದಿವಸ ಆದ್ರೂ ಚೆಕಿಂಗ್ ಮಾಡಿದೀಯಾ?"

"ಇಲ್ಲ ಮೇಡಂ."

"ಅದಾನೇ ಅಂದ್ಕೊಂಡೆ! ಸರಿ ಪಾಪಾ, ಆ ಪ್ರೋಗ್ರಾಂ ಇನ್ಮೇಲೆ ನಾನ್ ಬರೀತೀನಿ."

ಹುಡುಗಿ ತಮಾಷೆ ಎಂದುಕೊಂಡು ನಕ್ಕಳು. ಸಂಜೆ ಮನೆಯಲ್ಲಿ ನಾವೂ ನಕ್ಕೆವು. ಎಲ್ಲರಿಗಿಂತ ಜೋರಾಗಿ ನಕ್ಕವನು ನನ್ನ ಅಪ್ಪ, ಸರ್ಕಾರಿ ಸ್ಕೂಲಿನ ಲೆಕ್ಕದ ಮೇಷ್ಟ್ರು. "ಅಕ್ಕಾ, ನಿಂಗೆ ವಯಸ್ಸು ಐವತ್ತೊಂದು," ಅಂದ. "ಅದಕ್ಕೇನೀಗ? ಆ ಮೆಷಿನ್‌ಗೆ ಒಂದು ವರ್ಷ ಕೂಡ ಆಗಿಲ್ಲ. ಅದೇ ಕಲಿತಿರ್ವಾಗ ನಾನ್ ಕಲೀಬಾರ್ದಾ?" ಅಂದಳು ಅತ್ತೆ.

ಮುಂದಿನ ವಾರದಿಂದ ಭಾನುವಾರಗಳಲ್ಲಿ ಹತ್ತಿರದ ಅವಿನಾಶಿ ಪೇಟೆಗೆ ಬಸ್ಸು ಹತ್ತಿ ಕಂಪ್ಯೂಟರ್ ಕ್ಲಾಸು. ಅಲ್ಲಿಯ ಕಾಲೇಜು ಮಕ್ಕಳ ನಡುವೆ ಮಲ್ಲಿಗೆ ಮುಡಿದ ನರೆಗೂದಲು ಇದೊಂದೇ. ಕ್ಲಾಸಿನ ಸಾರ್ ಬರೆಯಲು ಹೇಳಿದ ಮೊದಲ ಪ್ರೋಗ್ರಾಮೇ ಕೆಟ್ಟಿತು. ಯಾಕೆ ಗೊತ್ತೆ? ನಮ್ಮ ಕಡೆ ಏನು ಬರೆಯುವುದಿದ್ದರೂ, ಮದುವೆ ಪತ್ರಿಕೆಯಿರಲಿ ದಿನಸಿ ಚೀಟಿಯಿರಲಿ, ಹಾಳೆಯ ತಲೆಯ ಮೇಲೆ ಪಿಳ್ಳೆಯಾರ್ ಸುಳಿ ಹಾಕುತ್ತಾರೆ, ಗಣಪತಿಯ ಹೆಸರಿನಲ್ಲಿ ತಮಿಳಿನ 'ಉ' ಅಕ್ಷರದಂಥ ಒಂದು ಸುತ್ತಿದ ಗೀಟು. ಅತ್ತೆ ತಮಿಳು ಕೀಲಿಗಳನ್ನು ಹುಡುಕಿ ಹುಡುಕಿ ಮೊದಲ ಸಾಲಿನಲ್ಲಿ ಅದನ್ನು ಒತ್ತಿದ್ದಳು. ಈ ಹೆಸರಿನವರು ಯಾರೋ ನನಗೆ ಗೊತ್ತಿಲ್ಲ ಎಂದು ಕಂಪ್ಯೂಟರ್ ಕೆಂಪಕ್ಷರದಲ್ಲಿ ಹೇಳಿತು.

"ಪಿಳ್ಳೆಯಾರನ್ನೇ ತಿಳೀದಂತೆ! ಇದನ್ನ ಯಾರ್ ಬುದ್ಧಿವಂತ ಅಂದಿದ್ದು?" ಎಂದು ಅತ್ತೆ ಕ್ಲಾಸಿನಲ್ಲೇ ಕೂಗಾಡಿದಳಂತೆ. ಸಾರ್ ಅಳಿಸುವುದು, ಇವಳು ಬರೆಯುವುದು. ಮೂರು ಭಾನುವಾರ ಈ ಯುದ್ಧ ನಡೆಯಿತು. ಕೊನೆಗೆ ಸಾರ್ ಕೈಮುಗಿದು, ಸಾಲಿನ ಮೊದಲಿಗೆ ಒಂದು ಗುರುತು ಹಾಕಿದರೆ ಆ ಸಾಲನ್ನು ಮೆಷಿನ್ ಓದುವುದೇ ಇಲ್ಲ ಎಂಬ ಗುಟ್ಟು ಹೇಳಿಕೊಟ್ಟರು. ಅತ್ತೆಗೆ ಸಮಾಧಾನವಾಯಿತು. ಮೆಷಿನ್ ಓದದಿದ್ದರೆ ಬೇಡ, ಓದಬೇಕಾದವನು ಓದುತ್ತಾನೆ.

ಅಲ್ಲಿಂದ ಆ ಗುರುತಿನ ಹಿಂದೆ ಅವಳು ಬರೆಯದ ಸಂಗತಿಯಿಲ್ಲ! ಹತ್ತು ಸಾಲಿನ ಪ್ರೋಗ್ರಾಮಿಗೆ ನಲವತ್ತು ಸಾಲು ಮಾತು: ಹಾಲಿನವನು ಇವತ್ತೂ ಬರಲಿಲ್ಲ, ಬಸ್ಸಿನಲ್ಲಿ ಸೀಟು ಸಿಗಲಿಲ್ಲ, ಸಾರ್ ತಿಂಡಿ ತಿನ್ನದೆ ಬಂದಿದ್ದಾರೆ, ಅದಕ್ಕೇ ಸಿಡಿಮಿಡಿ. ಮೆಷಿನ್ ಓದುವುದಿಲ್ಲ ನಿಜ, ಸಾರ್ ಓದುತ್ತಿದ್ದರು. ಮುಂದಿನ ಭಾನುವಾರದಿಂದ ಅವರು ಇಡ್ಲಿ ತಿಂದೇ ಬರತೊಡಗಿದರು.

ಎರಡು ವರ್ಷ ಕಳೆದವು. ಆ ಮೈಸೂರಿನ ಹುಡುಗಿ ಅತ್ತೆಯನ್ನು ಮರೆತಿರಲಿಲ್ಲ, ತುಡಿಯಲೂರಿಗೆ ಕರೆಸಿದಳು. "ನಿಮ್ಮ ಕಣ್ಣು ನಮಗೆ ಬೇಕಮ್ಮಾ. ಫೋಟೋ ನೋಡಿ ತೂತು ಎಲ್ಲಿದೆ ಅಂತ ಗುರುತು ಹಾಕಿ, ಸಾಕು," ಅಂದರಂತೆ ಅಲ್ಲಿಯ ದೊಡ್ಡವರು. ಒಪ್ಪಿಕೊಂಡರೆ ಅವಳು ಅತ್ತೆ ಹೇಗಾದಾಳು? "ಬಾಣ ಅಂಟಿಸಿದ್ದು ಸಾಕು ಸಾಮಿ. ಪ್ರೋಗ್ರಾಂ ಬರೆಯೋ ಕೆಲ್ಸ ಇದ್ರೆ ಹೇಳಿ." ಹಾಗಾದರೆ ಎಲ್ಲರ ಹಾಗೆ ಪರೀಕ್ಷೆ ಬರೆಯಿರಿ ಎಂದರು. ಬರೆದಳು. ಫೇಲಾದಳು.

ಪರೀಕ್ಷೆಯ ಅರ್ಧ ಭಾಗ ಲೆಕ್ಕ. ಅತ್ತೆ ಓದಿದ್ದು ಒಂಬತ್ತನೇ ಕ್ಲಾಸಿನ ಅರ್ಧದವರೆಗೆ. ಇನ್ನೊಂದು ಸಲ ಬರೆಯಬಹುದು, ಅದೇ ಕೊನೆ ಎಂದಿದ್ದರು. ಅವತ್ತು ಅವಳು ಯಾರನ್ನೂ ಬೈಯದೆ ಊಟ ಮಾಡಿದಳು. ಸಾಂಬಾರಿಗೆ ಉಪ್ಪು ಹೆಚ್ಚಾಗಿತ್ತು, ಅದನ್ನೂ ಹೇಳಲಿಲ್ಲ. ಅಪ್ಪ ಕೈತೊಳೆದು ಬಂದವನು, "ಅಕ್ಕಾ, ನಾಳೆ ಬೆಳಿಗ್ಗೆ ಐದಕ್ಕೆ ಎದ್ದಿರು," ಎಂದಷ್ಟೇ ಹೇಳಿದ.

ಈಗ ನಾನು ಮದುವೆಯಾಗಿ ಪೊಳ್ಳಾಚಿಯಲ್ಲಿದ್ದೇನೆ. ತವರು ಎಂದರೆ ನನಗೆ ನೆನಪಾಗುವುದು ಅಪ್ಪ ಅತ್ತೆಗೆ ಲೆಕ್ಕ ಹೇಳಿಕೊಟ್ಟ ಆ ಆರು ತಿಂಗಳ ಬೆಳಗುಗಳೇ. ಜಗಲಿಯ ಗೋಡೆಗೆ ಒರಗಿಸಿದ ಕರಿಹಲಗೆ, ಅಮ್ಮನ ಕಾಫಿಯ ಘಮ, ಕಂಬಳಿಯೊಳಗಿಂದ ನಾನು ಕೇಳುತ್ತಿದ್ದ ಜಗಳ.

"ಎಕ್ಸ್ ಅಂದ್ರೆ ಯಾರ್ರಾ?"

"ನಮಗೆ ತಿಳೀದೆ ಇರೋದು ಅಕ್ಕಾ."

"ತಿಳೀದೆ ಇರೋದನ್ನ ಎರಡರಿಂದ ಗುಣಿಸ್ತೀಯಲ್ಲ, ಅದೆಂಥ ಧೈರ್ಯ ನಿಂಗೆ!"

ಒಂದು ದಿನ ಅಪ್ಪನೇ ಒಂದು ಕಡೆ ಕೂಡುವುದನ್ನು ಕಳೆದುಬಿಟ್ಟ. ಅತ್ತೆ ಸುಮ್ಮನೆ ಎದ್ದು ಹೋಗಿ ಹಲಗೆಗೆ ಬಾಣ ಅಂಟಿಸಿ ಬಂದು ಕೂತಳು. ಇಷ್ಟು ವರ್ಷ ಊರ ಮಕ್ಕಳ ತಪ್ಪು ತಿದ್ದಿದ ಮೇಷ್ಟ್ರು ಅವತ್ತು ತಲೆ ಕೆರೆದುಕೊಂಡರು. ಎಷ್ಟು ಚೆನ್ನಾಗಿತ್ತು ಆಗ! ಮನೆಯಲ್ಲಿ ಇಬ್ಬರು ಹಿರಿಯರು ಮಕ್ಕಳಾಗಿದ್ದರು, ನನಗೆ ಇನ್ನೂ ಒಂದು ಗಂಟೆ ಮಲಗಲು ಬಿಡುತ್ತಿದ್ದರು.

ಎರಡನೇ ಪರೀಕ್ಷೆಯ ಫಲಿತಾಂಶ ಬಂದದ್ದು ಒಂದು ಶನಿವಾರ ಮಧ್ಯಾಹ್ನ. ಅತ್ತೆ ನುಗ್ಗೆಕಾಯಿ ಹೆಚ್ಚುತ್ತಿದ್ದಳು. ಫೋನಿನಲ್ಲಿ ಆ ಹುಡುಗಿ ಕಿರುಚಿದ್ದು ಜಗಲಿಯವರೆಗೂ ಕೇಳಿಸಿತು: "ಪಾಸು ಅಮ್ಮಾ! ಒಂದನೇ ತಾರೀಖು ಬಂದು ಸೇರ್ಕೊಳ್ಳಿ!" ಅಮ್ಮ ಸಕ್ಕರೆ ಡಬ್ಬ ಹುಡುಕಲು ಓಡಿದಳು. ನಾನು ಅತ್ತೆಯನ್ನು ಎತ್ತಲು ಹೋಗಿ ಇಬ್ಬರೂ ಬಿದ್ದೆವು. ಅಪ್ಪ ಮಾತ್ರ ಕಾಣಲಿಲ್ಲ.

ಹಿತ್ತಲಿನ ನಲ್ಲಿಯ ಹತ್ತಿರ ಮುಖಕ್ಕೆ ನೀರು ಹಾಕಿಕೊಳ್ಳುತ್ತಲೇ ಇದ್ದ. ಅತ್ತೆ ಅಲ್ಲಿಗೇ ಹೋದಳು, ಹಿಂದೆ ನಾನು.

"ಏನ್ಡಾ ತಂಬಿ, ಪಾಸಾದೋಳು ನಾನು, ನೀ ಅಳ್ತೀಯಾ?"

"ನಾನು ಆರನೇ ಕ್ಲಾಸಿನಲ್ಲಿದ್ದಾಗ ಇಬ್ಬರನ್ನ ಓದಿಸೋಕೆ ಆಗಲ್ಲ ಅಂದ್ರು ಅಪ್ಪ," ಅಂದ ನನ್ನ ಅಪ್ಪ, ಅವಳ ಮುಖ ನೋಡದೆ. "ಮಾರನೇ ದಿವಸ ನೀನೇ ವ್ಯಾನ್ ಹತ್ತಿ ಕಂಪನಿಗೆ ಹೋದೆ. ನಂಗೆ ಬರೋ ಲೆಕ್ಕ ಎಲ್ಲಾ ನಿಂದು ಅಕ್ಕಾ. ಇಷ್ಟು ವರ್ಷ ನಾನೊಬ್ಬನೇ ಇಟ್ಕೊಂಡಿದ್ದೆ."

ಅತ್ತೆ ಕೈ ಚಾಚಿ ನಲ್ಲಿ ನಿಲ್ಲಿಸಿದಳು. ಸೆರಗಿನಿಂದ ಅವನ ಮುಖ ಒರೆಸಿದಳು, ಕಿವಿಯ ಹಿಂದೆ, ಕತ್ತಿನ ಕೆಳಗೆ, ಸ್ಕೂಲಿಗೆ ಹೊರಟ ಮಗುವಿಗೆ ಒರೆಸುವಂತೆ ನಿಧಾನವಾಗಿ ಒರೆಸಿದಳು. ತಲೆ ನೆರೆತ ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಅವಳಿಗೆ ಮುಖ ಕೊಟ್ಟು ನಿಂತಿದ್ದರು.